ಸೋದರತ್ತೆಗೆ ಸದ್ದು ಮಾಡದ ಡೈಪರ್

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಸೋದರತ್ತೆಗೆ ಗುದ್ದು ಬೀಳುತ್ತವೆ. ಕೂಸಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ‘ಕುರ್ರ್’ ಎಂದು ಊದಿ ಹೆಸರು ಹೇಳಬೇಕು. ಅವಳು ಬಗ್ಗುವುದನ್ನೇ ಕಾಯುತ್ತ ನಿಂತ ಹೆಂಗಸರು ಮುಷ್ಟಿ ಕಟ್ಟಿ ಅವಳ ಬೆನ್ನ ಮೇಲೆ ದಬದಬ ಗುದ್ದುತ್ತಾರೆ. ತೊಟ್ಟಿಲ ಕಾರ್ಯ ನಡೆಯುವುದು ಬಾಣಂತಿಯ ತವರಿನಲ್ಲಿ, ಹಾಗಾಗಿ ಗುದ್ದುವವರಲ್ಲಿ ಹೆಚ್ಚಿನವರು ಬೀಗರ ಕಡೆಯವರೇ. ಮಗಳನ್ನು ಕೊಟ್ಟ ಮನೆಯ ಮೇಲಿನ ಸಣ್ಣಪುಟ್ಟ ಸಿಟ್ಟನ್ನೆಲ್ಲ ಅವತ್ತು ನಗುನಗುತ್ತ ತೀರಿಸಿಕೊಳ್ಳುತ್ತಾರೆ. ಹೆಚ್ಚು ಗುದ್ದು ತಿಂದ ಅತ್ತೆಗೆ ಹೆಚ್ಚು ಮರ್ಯಾದೆ.

ಆ ಗುದ್ದುಗಳಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ತಮ್ಮ ನನಗಿಂತ ಬಹಳ ಸಣ್ಣವನು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ನಾನು ಕುಂಟೆಬಿಲ್ಲೆ ಆಡಿದ್ದು. ಹಾವೇರಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟ, ಹಲಗೇರಿಯ ಹುಡುಗಿಯನ್ನು ಮದುವೆಯಾದ, ಮಕ್ಕಳಾಗಲಿಲ್ಲ. ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಅವನು ಮದುವೆಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಕೊನೆಗೂ ಹೋದ ಚಳಿಗಾಲದಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು. ಅವನಿಗಿರುವುದು ನಾನೊಬ್ಬಳೇ ಅಕ್ಕ.

ಫೋನಿನಲ್ಲಿ ಅವನ ದನಿ ಕುಣಿಯುತ್ತಿತ್ತು. “ಅಕ್ಕಾ, ತೊಟ್ಟಿಲಕ್ಕ ಹಾಕೂ ದಿನಾ ಗೊತ್ತಾತು. ಬೆನ್ನು ಗಟ್ಟಿ ಮಾಡ್ಕೊಂಡು ಬಾ. ನಮ್ಮತ್ತಿ ಈಗ ಮುಷ್ಟಿ ಮಸಿಯಾಕತ್ತಾರ.”

“ನನ್ನ ಸೊಂಟಾ ಹಿಡಕೊಂಡೈತೋ ತಮ್ಮಾ. ಕಾಕಾನ ಮಗಳ ಕಡಿಂದ ಹೆಸರ ಇಡಸು,” ಎಂದೆ.

“ನೀ ಇಡಲಿಲ್ಲಂದ್ರ ಆ ಕೂಸಿಗೆ ಹೆಸರ ಬ್ಯಾಡ,” ಎಂದು ಫೋನ್ ಇಟ್ಟುಬಿಟ್ಟ.

ನನ್ನ ಸೊಂಟಕ್ಕೇನೂ ಆಗಿರಲಿಲ್ಲ. ಆಗಿದ್ದು ಬೇರೆ. ಸೀನಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ, ಕೊಡ ಎತ್ತಿದರೆ ನನಗೆ ಮೂತ್ರ ಹನಿಯುತ್ತಿತ್ತು. ಮೊದಮೊದಲು ಹನಿ, ಆಮೇಲೆ ಬೊಗಸೆ. ಈ ತೊಂದರೆ ಇದ್ದವರು ಲೋಕದಲ್ಲಿ ಎಲ್ಲಿ ಬೇಕಾದರೂ ಇರಬಹುದು, ಬ್ಯಾಡಗಿಯಲ್ಲಿ ಮಾತ್ರ ಇರಬಾರದು. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಗಂಡ ಮಾರುಕಟ್ಟೆಯಲ್ಲಿ ಖರೀದಿ ಮಾಡಿದ ಮಾಲಿನ ತೊಟ್ಟು ಬಿಡಿಸುವ ಕೆಲಸವನ್ನು ನೋಡಿಕೊಳ್ಳುವವಳು ನಾನು. ಹಂಗಾಮಿನಲ್ಲಿ ಈ ಊರಿನ ಗಾಳಿಯೇ ಘಾಟು. ಬಸ್ಸಿನಿಂದ ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ಹತ್ತಾರು ಹೆಂಗಸರ ನಡುವೆ ಕೂತು ನಾನು ಸೀನು ಬಂದಾಗಲೆಲ್ಲ ಮೂಗು ಹಿಂಡಿ, ಹಲ್ಲು ಕಚ್ಚಿ, ತೊಡೆ ಬಿಗಿದು ಅದನ್ನು ಒಳಗೇ ಕೊಲ್ಲುತ್ತಿದ್ದೆ. ಹಳೇ ಸೀರೆ ಹರಿದು ಮಡಚಿ ಇಟ್ಟುಕೊಂಡ ಬಟ್ಟೆ ಎರಡು ಸೀನಿಗೆ ಸೋತು ಹೋಗುತ್ತಿತ್ತು. ಒಂದು ಮಧ್ಯಾಹ್ನ ಮೇಲಿಂದ ಮೇಲೆ ಸೀನು ಬಂದು ಸೀರೆಯ ಹಿಂದೆ ಅಂಗೈ ಅಗಲ ಒದ್ದೆಯಾಯಿತು. ಎಲ್ಲರೂ ಎದ್ದು ಮನೆಗೆ ಹೋಗುವ ತನಕ ನಾನು ಚೀಲದ ಮೇಲಿಂದ ಏಳಲೇ ಇಲ್ಲ. ಲೆಕ್ಕ ನೋಡುತ್ತಿದ್ದೇನೆ ಎಂದುಕೊಂಡಿರಬೇಕು ಪಾಪ.

ಇಂಥ ನಾನು ಬೀಗರ ಮನೆಯಲ್ಲಿ, ಊರ ಹೆಂಗಸರೆಲ್ಲ ಸುತ್ತುವರಿದು ನಿಂತಲ್ಲಿ, ಸೊಂಟ ಬಗ್ಗಿಸಿ ಬೆನ್ನ ಮೇಲೆ ಗುದ್ದು ತಿನ್ನಬೇಕಿತ್ತು.

ಹಾವೇರಿಯ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, ನಾಚಿಕೆಪಡುವಂಥದ್ದೇನೂ ಇಲ್ಲ, ಹೆತ್ತ ಮೈ, ಮುಟ್ಟು ನಿಂತ ವಯಸ್ಸು, ಒಳಗಿನ ಸ್ನಾಯು ಸಡಿಲಾಗಿದೆ ಎಂದರು. ಬಿಗಿ ಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. “ತಿಂಗಳಾನುಗಟ್ಲೆ ಬಿಡದ ಮಾಡ್ರಿ, ಸುಧಾರಸ್ತದ. ಅಲ್ಲೀತನಕಾ ಡೈಪರ್ ಹಾಕ್ಕೊಂಡು ಆರಾಮ ಅಡ್ಡಾಡ್ರಿ.” ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಡೈಪರ್ ಅಂದರೆ ಒಂದೋ ಕೂಸಿಗೆ, ಇಲ್ಲವೋ ಹಾಸಿಗೆ ಹಿಡಿದವರಿಗೆ. ನಾನು ಒಂದು ಚೀಲ ಮೆಣಸಿನಕಾಯಿಯನ್ನು ಒಬ್ಬಳೇ ಎಳೆದು ಜಾಗ ಬದಲಿಸುವವಳು. ಆದರೆ ತೊಟ್ಟಿಲ ದಿನ ತಿಂಗಳಾನುಗಟ್ಟಲೆ ದೂರ ಇರಲಿಲ್ಲ.

ಬ್ಯಾಡಗಿಯ ಔಷಧಿ ಅಂಗಡಿಯವರೆಲ್ಲ ಗುರುತಿನವರು. ಹಾವೇರಿ ತವರು. ಹಾಗಾಗಿ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾಗುವ ತನಕ ಕೆಮ್ಮಿನ ಔಷಧಿಗಳ ಹೆಸರು ಓದುತ್ತ ನಿಂತಿದ್ದು, ಆಮೇಲೆ ಪಿಸುಗುಟ್ಟಿದೆ. ಅಂಗಡಿಯವನು ಸಂತೆಯ ದನಿಯಲ್ಲಿ ಕೇಳಿದ: “ದೊಡ್ಡವ್ರ ಡೈಪರ್ರೇನ್ರಿ? ಯಾರಿಗ್ರಿ? ಮಲಗಿದವ್ರಿಗೋ, ಅಡ್ಡಾಡವ್ರಿಗೋ?”

“ನಮ್ಮತ್ತಿಗ್ರಿ. ಮಲಗ್ಯಾರ,” ಎಂದೆ. ನಮ್ಮತ್ತೆ ಆ ಹೊತ್ತಿಗೆ ಗುತ್ತಲದಲ್ಲಿ ಮಗಳ ಮನೆಯ ಅಂಗಳದಲ್ಲಿ ಹಪ್ಪಳ ಒಣಹಾಕಿ ಕಾಗೆ ಓಡಿಸುತ್ತಿದ್ದಿರಬೇಕು. ನನ್ನ ಬಾಯಿಂದ ಹಾಸಿಗೆ ಹಿಡಿದರು.

ಸುಳ್ಳಿಗೆ ತಕ್ಕ ಮಾಲು ಸಿಕ್ಕಿತು. ಮಲಗಿದವರಿಗೆಂದು ಮಾಡಿದ್ದು, ಎರಡೂ ಕಡೆ ಅಂಟುಪಟ್ಟಿ, ಹೊರಗಡೆ ಪ್ಲಾಸ್ಟಿಕ್ಕು, ದಪ್ಪ ನೋಡಿದರೆ ಕೌದಿ. ಮನೆಯಲ್ಲಿ ಬಾಗಿಲು ಮುಚ್ಚಿ ಒಂದನ್ನು ಹಾಕಿಕೊಂಡೆ. ಹೆಜ್ಜೆ ಇಟ್ಟರೆ ಪರಪರ. ಕೂತರೆ ಚರಚರ. ಒಲೆಯ ಹತ್ತಿರ ಮಲಗಿದ್ದ ಬೆಕ್ಕು ಕಿವಿ ನಿಮಿರಿಸಿ ನನ್ನನ್ನೇ ನೋಡಿತು. ಇಳಕಲ್ ಸೀರೆ ಉಟ್ಟು ಕನ್ನಡಿಗೆ ಬೆನ್ನು ತಿರುಗಿಸಿದರೆ ಹಿಂದೆ ಒಂದು ಬುಟ್ಟಿ ಕಟ್ಟಿಕೊಂಡಂತೆ ಕಂಡಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಇಡೀ ಮನೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ, ಏನು ಹೆಸರಿಡುತ್ತಾಳೋ ಕದ್ದು ಕೇಳೋಣ ಎಂದು. ಆ ಮೌನದಲ್ಲಿ ಈ ಪರಪರ!

ಆದರೂ ನಾಲ್ಕು ದಿನ ಹಾಕಿಕೊಂಡರೆ ರೂಢಿಯಾದೀತು ಎಂದುಕೊಂಡು, ಒಡೆದ ಪಾಕೀಟನ್ನು ಎಲ್ಲಿ ಬಚ್ಚಿಡಲಿ ಎಂದು ಯೋಚಿಸಿದೆ. ಮೆಣಸಿನಕಾಯಿಯ ಕೋಣೆಗಿಂತ ಒಳ್ಳೆಯ ಜಾಗ ಹೊಳೆಯಲಿಲ್ಲ. ಅಲ್ಲಿಗೆ ಕೆಲಸವಿಲ್ಲದೆ ಯಾರೂ ಕಾಲಿಡುವುದಿಲ್ಲ. ಚೀಲಗಳ ಸಂದಿಯಲ್ಲಿ ತುರುಕಿ ಬಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಮರುದಿನ ಬೆಳಿಗ್ಗೆ ಅದರಲ್ಲೊಂದು ತೆಗೆದು ಹಾಕಿಕೊಂಡು ಅಡುಗೆಗೆ ನಿಂತೆ. ರೊಟ್ಟಿ ಬಡಿಯುತ್ತಿದ್ದಂತೆ ಒಂದು ಬಿಸಿ ಹತ್ತಿತು. ಬಿಸಿ ಉರಿಯಾಯಿತು. ಉರಿ ಬೆಂಕಿಯಾಯಿತು. ನೀರನ್ನು ಹೀರಲೆಂದೇ ಮಾಡಿದ ಆ ಅರಳೆ ನಮ್ಮ ಕೋಣೆಯ ಮೆಣಸಿನ ಧೂಳನ್ನೆಲ್ಲ ಅಪ್ಪಿಕೊಂಡು ಕೂತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವೇ ಊರೂರಿಗೆ ಹೇಳಿಕೊಂಡು ಮಾರುತ್ತೇವೆ. ಹಾಗೆ ಹೇಳುವವರು ಆ ಬೆಳಿಗ್ಗೆ ನನ್ನ ಜಾಗದಲ್ಲಿ ಇರಬೇಕಿತ್ತು. ತವೆಯ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿದೆ.

ತಂಬಿಗೆ ಮೇಲೆ ತಂಬಿಗೆ ತಣ್ಣೀರು ಸುರಿದುಕೊಳ್ಳುವ ಸದ್ದು, ನನ್ನ ಬಾಯಿಂದ ಬರುತ್ತಿದ್ದ ಹಾಯ್ ಹೂಯ್ ಕೇಳಿ ಗಂಡ ಬಚ್ಚಲ ಬಾಗಿಲಿಗೆ ಬಂದರು.

“ಏನಾತು? ಚೇಳು ಕಡೀತೇನು?”

“ಇಲ್ರಿ! ಬೆಣ್ಣಿ ತರ್ರಿ ಲಗೂ!”

ಬೆಣ್ಣೆಯ ಗಡಿಗೆ ಬಾಗಿಲ ಸಂದಿಯಿಂದ ಒಳಗೆ ಬಂತು. ಅವರು ಮಾತ್ರ ಹೋಗಲಿಲ್ಲ. ಬಾಗಿಲಿನ ಆಚೆ ಕೂತರು. ಉರಿ ಇಳಿದ ಮೇಲೆ ಅಳು ಬಂತು. ಮುಖ ಕಾಣದಿದ್ದುದಕ್ಕೋ ಏನೋ, ಆ ಮುಚ್ಚಿದ ಬಾಗಿಲಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸೀನು, ಬಟ್ಟೆ, ಚೀಲದ ಮೇಲೆ ಕೂತ ಮಧ್ಯಾಹ್ನ, ತಮ್ಮನಿಗೆ ಹೇಳಿದ ಸುಳ್ಳು, ಬಚ್ಚಿಟ್ಟ ಪಾಕೀಟು.

“ಮೆಣಸಿನಕಾಯಿ ಖೋಲ್ಯಾಗ ಯಾಕ ಇಟ್ಟಿ?” ಎಂದು ಆಚೆಯಿಂದ ದನಿ ಬಂತು. “ಆ ಖೋಲ್ಯಾಗ ಇಟ್ಟ ದೇವರ ಫೋಟೋನ ಸೀನತಿತ್ತು.”

ಬಚ್ಚಲಲ್ಲಿ ನಿಂತು ಅಳುತ್ತಲೇ ನಕ್ಕೆ. ಅವರು ಇನ್ನೂ ಒಂದು ಮಾತು ಸೇರಿಸಿದರು: “ಇಷ್ಟ ವರ್ಷ ಒಬ್ಬಾಕೀನ ಅನುಭವಿಸಿದೇನು? ನನಗೊಂದ್ ಮಾತ ಹೇಳಬಾರದಿತ್ತಾ?” ಸಾರಿಗೆ ಉಪ್ಪು ಕಡಿಮೆಯಾದರೂ ಹೇಳದ ಮನುಷ್ಯ ಅವರು. ಸಿಟ್ಟು ಬಂದಾಗ ಕಂಬದ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ನಾನೇ ಬೈದದ್ದುಂಟು. ಆ ಕಂಬ ಒದ್ದೆ ನೆಲದ ಪಕ್ಕ ಕೂತು ನನ್ನನ್ನು ಹೀಗೆ ಕೇಳುತ್ತಿದೆ ಎಂಬುದನ್ನು ನನ್ನ ಕಿವಿ ನಂಬಲಿಲ್ಲ.

ಅವತ್ತೇ ಅವರು ರಾಣೆಬೆನ್ನೂರಿಗೆ ಹೋಗಿ, ಬೇರೆ ಬೇರೆ ಥರದ ಪಾಕೀಟುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. “ಯಾರಿಗಂತ ಹೇಳಿದ್ರಿ?” ಎಂದು ಕೇಳಿದೆ. “ನಮ್ಮ ಮನ್ಯಾಕಿಗೆ, ಅಡ್ಡಾಡತಾಳ, ದುಡೀತಾಳ, ಸಪ್ಪಳಾ ಆಗಬಾರದು, ಮ್ಯಾಲೆ ಕಾಣಬಾರದು ಅಂದೆ. ಖರೇ ಹೇಳಿದ್ರ ಖರೇ ಮಾಲು ಕೊಡತಾರ,” ಎಂದರು. ಮೆಣಸಿನಕಾಯಿ ಖರೀದಿಗೆ ಹೋದವರ ದನಿಯಲ್ಲಿ, ಏನೂ ವಿಶೇಷವಿಲ್ಲ ಎಂಬಂತೆ ಹೇಳಿದರು.

ಒಣಮೆಣಸಿನಕಾಯಿ ಕೊಳ್ಳುವವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಮಾಲು ಒಣಗಿದೆ. ಮಂಕು ಸದ್ದು ಬಂದರೆ ಇನ್ನೂ ಹಸಿ. ನನ್ನ ಗಂಡ ಪಡಸಾಲೆಯಲ್ಲಿ ಕೂತು ಒಂದೊಂದು ಡೈಪರನ್ನು ಬಿಚ್ಚಿ, ಕಿವಿಯ ಹತ್ತಿರ ಹಿಡಿದು, ಥೇಟ್ ಹಾಗೆಯೇ ಅಲುಗಿಸಿದರು. ಮುದುಡಿದರು, ಬಿಟ್ಟರು, ಮತ್ತೆ ಮುದುಡಿದರು. ಪ್ಲಾಸ್ಟಿಕ್ ಹೊದಿಕೆಯದ್ದನ್ನೆಲ್ಲ ಪಕ್ಕಕ್ಕೆ ಸರಿಸಿದರು. “ಜೀವಮಾನಾ ಪೂರ್ತಿ ಸಪ್ಪಳಾ ಮಾಡೂ ಮಾಲು ಹುಡಕೇನಿ. ಸಪ್ಪಳಾ ಮಾಡಲಾರದ್ದು ಹುಡಕೂದು ಇದ ಮೊದಲ,” ಎಂದರು.

ಹೊರಗೆ ಬಟ್ಟೆಯಂಥ ಹೊದಿಕೆ ಇದ್ದವು ಎರಡು ಉಳಿದವು. ಎರಡೂ ಚಡ್ಡಿಯಂತೆ ಕಾಲು ತೂರಿಸಿ ಏರಿಸಿಕೊಳ್ಳುವಂಥವು. ನಾನು ಒಳಗೆ ಹೋಗಿ ಹಾಕಿಕೊಂಡು ಬಂದು ಅವರ ಬೆನ್ನ ಹಿಂದೆ ಅಡ್ಡಾಡಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಕೂತೆ, ಎದ್ದೆ, ಬಗ್ಗಿದೆ. ಒಂದಕ್ಕೆ, “ಬಗ್ಗಿದಾಗ ಸ್ವಲ್ಪ ಸರ್ ಅಂತೈತಿ,” ಎಂದರು. ಇನ್ನೊಂದಕ್ಕೆ ಬಹಳ ಹೊತ್ತು ಕಿವಿಗೊಟ್ಟು, ಆಮೇಲೆ, “ಅಡ್ಡಾಡು ಅಂದ್ರ ಯಾಕ ನಿಂತಿ?” ಎಂದು ಕೇಳಿದರು. ನಾನು ಅಡ್ಡಾಡುತ್ತಲೇ ಇದ್ದೆ.

ಅಳತೆಯ ವಿಷಯದಲ್ಲಿ ನಾನು ತಪ್ಪಿದ್ದೆ. ಸಡಿಲಿದ್ದರೆ ಆರಾಮ ಎಂದುಕೊಂಡು ಮೊದಲ ಸಲ ದೊಡ್ಡದನ್ನೇ ತಂದಿದ್ದೆ. ಸಡಿಲಾದರೆ ತೊಡೆಯ ಸಂದಿಯಿಂದ ಸೋರುತ್ತದೆ, ಸೀರೆಯ ಕೆಳಗೆ ಉಬ್ಬುತ್ತದೆ. ಈಗ ಟೇಪು ಹಿಡಿದು ಸೊಂಟ, ಪೃಷ್ಠ ಎರಡನ್ನೂ ಅಳೆದು ಮೈಗೆ ಹತ್ತುವಂಥದ್ದನ್ನು ಆರಿಸಿದೆವು. ಮೇಲೊಂದು ಮೆತ್ತನೆಯ ನೂಲಿನ ಚಡ್ಡಿ, ಅದರ ಮೇಲೆ ಪರಕಾರ, ಅದರ ಮೇಲೆ ಸೀರೆ. ಕನ್ನಡಿಯಲ್ಲಿ ನಾನು ನಾನಾಗಿಯೇ ಕಂಡೆ.

ಆಮೇಲೆ ಅವರಿಗೊಂದು ಹುರುಪು ಹುಟ್ಟಿತು. ಒಂದು ಡೈಪರನ್ನು ಅಡುಗೆಮನೆಯ ಪರಾತದಲ್ಲಿ ಬಿಚ್ಚಿ ಹಾಸಿ, ಲೋಟದಲ್ಲಿ ನೀರು ತಂದು ಸುರಿದರು. ನೀರು ಒಂದು ಕ್ಷಣ ಮೇಲೆ ನಿಂತು, ಒಳಗೆ ಇಳಿದು, ಇಲ್ಲವಾಯಿತು. ಇಬ್ಬರೂ ಬಗ್ಗಿ ನೋಡಿದೆವು. ಮತ್ತೊಂದು ಲೋಟ ಸುರಿದರು. ಅದೂ ಹೋಯಿತು. ಡೈಪರನ್ನು ಎತ್ತಿ ಪರಾತ ನೋಡಿದರೆ ಒಂದು ಹನಿ ಇಲ್ಲ. ಅಂಗೈ ಊರಿ ಒತ್ತಿ ನನಗೆ ತೋರಿಸಿದರು. ಒಣಗಿದ ಅಂಗೈ. “ಎಲ್ಲಿ ಹೋತು ನೀರು?” ಎಂದರು, ಜಾದೂ ನೋಡಿದ ಹುಡುಗನ ಮುಖದಲ್ಲಿ. “ಇದನ್ನ ಕಂಡಹಿಡಿದಾಂವ ಸಿಕ್ಕರ ಹಾವೇರಿ ಏಲಕ್ಕಿ ಹಾರಾ ಹಾಕತೇನಿ ನೋಡು.” ಬೆರಳ ದಪ್ಪವೂ ಇಲ್ಲದ ಆ ಬಿಳಿ ವಸ್ತುವಿನೊಳಗೆ ಎಷ್ಟೋ ವರ್ಷಗಳ ನನ್ನ ಅಂಜಿಕೆ ಹಾಗೇ ಇಂಗಿ ಹೋಗುವುದನ್ನು ನೋಡುತ್ತ ಕೂತಿದ್ದೆ.

ಉಳಿದದ್ದು ಒಂದೇ ಪರೀಕ್ಷೆ. ಅದನ್ನು ಹಾಕಿಕೊಂಡು ನಾನಾಗಿಯೇ ಮೆಣಸಿನಕಾಯಿ ಕೋಣೆಗೆ ಹೋದೆ. ಒಂದು ಚೀಲದ ಬಾಯಿ ಬಿಚ್ಚಿ, ಒಳಗೆ ಕೈ ಹಾಕಿ ಕೆದರಿ, ಮೂಗು ಚಾಚಿ ನಿಂತೆ. ಸೀನು ಬಂತು. ಮೂಗು ಹಿಂಡಲಿಲ್ಲ, ತೊಡೆ ಬಿಗಿಯಲಿಲ್ಲ. ಮನೆಯ ತಗಡು ನಡುಗುವಂತೆ ಸೀನಿದೆ. ಮತ್ತೆ ಸೀನಿದೆ. ಆಹಾ, ಪೂರ್ತಿ ಬಿಟ್ಟ ಸೀನಿನ ಸುಖವನ್ನು ನಾನು ಮರೆತೇಬಿಟ್ಟಿದ್ದೆ! ತಲೆಯಿಂದ ಅಂಗಾಲಿನವರೆಗೆ ಮೈ ಹಗುರಾಯಿತು. ಕಣ್ಣು ಮೂಗಲ್ಲೆಲ್ಲ ನೀರು. ಸೀರೆ ಮುಟ್ಟಿ ನೋಡಿಕೊಂಡೆ, ಒಣಗಿತ್ತು. ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. “ಸೊಂಟಾ ಬಿಟ್ಟೈತಿ. ನಾನ ಬರ್ತೇನಿ.”

“ಅಳಾಕತ್ತೀ ಏನು?” ಎಂದು ಕೇಳಿದ.

“ಸೀನಾಕತ್ತೇನಿ,” ಎಂದೆ.

ಹಲಗೇರಿಯ ಬೀಗರ ಮನೆ ತುಂಬಿ ತುಳುಕುತ್ತಿತ್ತು. ಗಂಡಸರು ಹೊರಗೆ ಪೆಂಡಾಲಿನಲ್ಲಿ, ಹೆಂಗಸರು ಒಳಗೆ. ತೊಲೆಗೆ ತೊಟ್ಟಿಲು ಕಟ್ಟಿದ್ದರು. ತಮ್ಮ ಕೊಟ್ಟ ಗಿಣಿಹಸಿರು ಸೀರೆ ಉಟ್ಟು ನಾನು ಒಳಗೆ ಕಾಲಿಟ್ಟಾಗ ಬೀಗತಿ, ಅಂದರೆ ಕೂಸಿನ ಅಜ್ಜಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನಾದರೂ ಕಂಡಿತೇ ಎಂದು ನಾನು ಸೆರಗನ್ನು ಹಿಂದಕ್ಕೆ ಎಳೆದುಕೊಂಡೆ. “ಬೆನ್ನು ಅಗಲ ಐತಿ. ಎಲ್ಲಾರಿಗೂ ಜಾಗಾ ಸಾಕಾಗತೈತಿ ಬಿಡ್ರಿ,” ಎಂದರು ಅವರು. ಹೆಂಗಸರು ಗೊಳ್ಳೆಂದರು.

ಮೊದಲು ಶಾಸ್ತ್ರಕ್ಕೆಂದು ಬಟ್ಟೆ ಸುತ್ತಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ತೂಗಿದರು. ಆಮೇಲೆ ತಲೆಗೆ ಕುಲಾಯಿ ಹಾಕಿದ ಕೂಸನ್ನು ಮಲಗಿಸಿದರು. ಜೋಗುಳ ನಿಂತಿತು. “ಹೂಂ, ಅತ್ತಿ ಬರ್ಲಿ,” ಎಂದರು ಯಾರೋ. ಬಳೆಗಳ ಸದ್ದು ಕೂಡ ಅಡಗಿತು. ಎಷ್ಟು ಜನ ಒಂದೇ ಸಲ ಉಸಿರು ಬಿಗಿಹಿಡಿದಿದ್ದರೋ! ನಾನು ಬಗ್ಗಿದೆ. ನನ್ನ ಕಿವಿ ನನ್ನ ಸೊಂಟದ ಕಡೆಗೇ ಇತ್ತು. ಏನೂ ಇಲ್ಲ. ಕೂಸಿನ ಉಸಿರು ಮಾತ್ರ ಕೇಳಿತು. ಸಣ್ಣ ಕಿವಿ, ಅದರ ಅಂಚಿನ ಮೇಲೆ ಮೆತ್ತನೆಯ ಕೂದಲು, ಎಣ್ಣೆ ಮತ್ತು ಲೋಬಾನದ ವಾಸನೆ. ಇಷ್ಟು ವರ್ಷ ಎಲ್ಲಿದ್ದೀಯವ್ವಾ ನೀನು ಎಂದುಕೊಂಡೆ. ಬಾಯಿ ಹಚ್ಚಿ ‘ಕುರ್ರ್’ ಎಂದೆ.

ಬಿತ್ತು ನೋಡಿ ಮೊದಲ ಗುದ್ದು! ಅದು ಬೀಗತಿಯದೇ. ಅದರ ಹಿಂದೆ ದಬದಬ ಮಳೆ. ಮೊದಲ ಗುದ್ದಿಗೇ ನನಗೆ ಆಗಬೇಕಾದದ್ದು ಆಯಿತು. ಬೆಚ್ಚಗೆ ಇಳಿಯಿತು, ಇಳಿದು ಎಲ್ಲೋ ಮಾಯವಾಯಿತು. ನಾನು ಮೇಲೇಳಲಿಲ್ಲ. ಹೆಸರನ್ನು ಹೇಳಿದೆ, ಕೂಸು ಕಣ್ಣು ಬಿಟ್ಟಿತು, ಮತ್ತೊಮ್ಮೆ ಹೇಳಿದೆ. ಬೆನ್ನ ಮೇಲೆ ಗುದ್ದು ಬೀಳುತ್ತಲೇ ಇದ್ದವು, ನಾನು ತೊಟ್ಟಿಲ ಅಂಚು ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಜೀವನದಲ್ಲಿ ಅಂಥ ಬೆರಗು ಮತ್ತೆ ಆಗಿಲ್ಲ. ಅಷ್ಟು ಜನರ ನಡುವೆ, ಅಷ್ಟು ಕೈಗಳ ಕೆಳಗೆ, ನನ್ನ ಮೈ ತನ್ನ ಪಾಡಿಗೆ ತಾನು ಸೋರಿತು ಮತ್ತು ನಾನು ಅಲ್ಲೇ ಇದ್ದೆ.

“ಏನ ಗಟ್ಟಿ ಬೆನ್ನ ಬೇ ನಿಮ್ದು! ನನ್ನ ಕೈನ ನೋಯಾಕತ್ತೈತಿ,” ಎಂದು ಬೀಗತಿ ಕೈ ಝಾಡಿಸಿಕೊಂಡರು.

ಒಳಕೋಣೆಗೆ ಹೋಗಿ ಬೇರೆಯದನ್ನು ಹಾಕಿಕೊಂಡು ಬರಲು ಒಂದು ಗಳಿಗೆ ಸಾಕಾಯಿತು. ಬಂದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಗುಗ್ಗರಿ ತಿಂದೆ. ಎಷ್ಟೋ ಕಾರ್ಯಗಳಲ್ಲಿ ನಾನು ಬಾಗಿಲ ಹತ್ತಿರವೇ ನಿಂತು ತಿಂದು ಬಂದವಳು. ಬಾಣಂತಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಕಾರ್ಯದ ದಿನ ಕೂಸಿಗೆ ಡೈಪರ್ ಹಾಕಲು ಆ ಮನೆಯ ಹಿರಿಯರು ಒಪ್ಪಿರಲಿಲ್ಲ. ಅದು ನನ್ನ ಮುಖ ನೋಡಿತು, ಹುಬ್ಬು ಗಂಟಿಕ್ಕಿತು, ಮುಖ ಕೆಂಪು ಮಾಡಿತು. ನನ್ನ ತೊಡೆ ಬೆಚ್ಚಗಾಯಿತು. ಗಿಣಿಹಸಿರು ಸೀರೆಯ ಮೇಲೆ ಒಂದು ಕಪ್ಪು ತೇಪೆ ಎಲ್ಲರ ಕಣ್ಣೆದುರಿಗೆ ಹರಡುತ್ತ ಹೋಯಿತು.

“ಅತ್ತಿ ಮ್ಯಾಲೆ ಹೊಯ್ದಳ್ರೇ! ಅತ್ತಿ ಪುಣ್ಯಾ ಮಾಡ್ಯಾಳ!” ಎಂದು ಮನೆ ತುಂಬ ಕೂಗೆದ್ದಿತು. ಒಬ್ಬಾಕೆ ಚಪ್ಪಾಳೆ ತಟ್ಟಿದಳು. ಒಬ್ಬ ಅಜ್ಜಿ ನನ್ನ ಗಲ್ಲಕ್ಕೆ ಅರಿಷಿಣ ಹಚ್ಚಿದಳು. ಬಾಣಂತಿ ಗಾಬರಿಯಾಗಿ, “ಬರ್ರಿ ವೈನಿ, ಬ್ಯಾರೆ ಸೀರಿ ಕೊಡತೇನಿ, ಉಟ್ಕೊರ್ರಿ,” ಎಂದಳು.

ಬೇಡವೆಂದೆ. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು, ಹೊಸ್ತಿಲು ದಾಟಿ, ಗಂಡಸರೆಲ್ಲ ಊಟಕ್ಕೆ ಕೂತ ಪೆಂಡಾಲಿನ ನಡುವೆ ನಡೆದೆ. ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ ತಮ್ಮ ಜಗ್ಗು ಹಿಡಿದು ನಿಂತು ನನ್ನ ಸೀರೆ ನೋಡಿದ.

“ಅಕ್ಕಾ, ಸೀರಿ ತೋದೈತಲ್ಲ?”

“ಹೂನೋ, ತೋದೈತಿ,” ಎಂದೆ, ಪೆಂಡಾಲಿನ ತುದಿಯಲ್ಲಿ ಕೂತವರಿಗೂ ಕೇಳಲಿ ಎಂದು ದನಿ ಎತ್ತರಿಸಿ. “ಎಲ್ಲಾರೂ ನೋಡ್ರಿ.”